ಚುಕ್ಕಾಣಿಯ ಹದವೂ ಕಂಪೆನಿಗಳ ಕೈವಾಡವೂ

ಮೋಟಾರು ಗಾಡಿಯೊಂದನ್ನು ಪೂರ್ತಿ ಬೆಲೆ ತೆತ್ತು ಕೊಂಡವನು ಆ ದಿವಸದಿಂದಲೇ ಅದಕ್ಕೆ ಯಜಮಾನನಾಗುತ್ತಾನೆಂಬುದು ಲೋಕರೂಢಿಯಾದ ತಿಳಿವಳಿಕೆ. ಈ ತಿಳಿವಳಿಕೆಯು ಒಂದು ವಿಷಯದಲ್ಲಿ ಸದ್ದಿಲ್ಲದೆ ಸಡಿಲವಾಗುತ್ತ ಬಂದಿದೆ. ರಾತ್ರಿ ಮನೆಯ ಮುಂದೆ ನಿಲ್ಲಿಸಿದ ಗಾಡಿಯನ್ನು ಮುಂಜಾನೆ ಹೊರಡಿಸಿದರೆ ಅದರ ಗಾಲಿ, ಕೀಲು, ಸರಳುಗಳೆಲ್ಲ ಹಿಂದಿನಂತೆಯೇ ಇರುತ್ತವೆ. ಆದರೂ ಚುಕ್ಕಾಣಿಯ ಚಕ್ರವು ಕೈಗೆ ಬೇರೆಯಾಗಿ ತೋರುತ್ತದೆ. ನಿನ್ನೆ ಬಿಗಿಯಾಗಿದ್ದುದು ಇಂದು ಹಗುರ. ನಿನ್ನೆ ತಾನಾಗಿ ನಡುವಿಗೆ ಮರಳುತ್ತಿದ್ದುದು ಇಂದು ಅರೆಕ್ಷಣ ತಡೆದು ಮರಳುತ್ತದೆ. ಕಂಪೆನಿಯವರು ಕಳುಹಿಸಿದ ಸಾಫ್ಟ್‌ವೇರು ರಾತ್ರಿಯಲ್ಲಿ ಗಾಡಿಯೊಳಗೆ ನೆಲೆಗೊಂಡಿತೆಂಬುದೇ ಇದಕ್ಕೆ ಕಾರಣ. ಇದು ಸಣ್ಣ ವಿಷಯವೆಂದು ತೋರಬಹುದು. ನಾವು ಹಾಗೆ ಭಾವಿಸುವುದಿಲ್ಲ.

ವಿಷಯವು ಸ್ಪಷ್ಟವಾಗಬೇಕಾದರೆ ಯಂತ್ರದ ಒಳಗನ್ನು ಸ್ವಲ್ಪ ನೋಡಬೇಕಾಗುತ್ತದೆ. ಹಿಂದಿನ ಗಾಡಿಗಳಲ್ಲಿ ಚಾಲಕನ ತೋಳಿಗೆ ನೆರವಾಗುತ್ತಿದ್ದುದು ಎಣ್ಣೆಯ ಒತ್ತಡ. ಎಂಜಿನ್ನಿನ ಪಟ್ಟಿಯಿಂದ ತಿರುಗುವ ಪಂಪೊಂದು ಎಣ್ಣೆಯನ್ನು ಒತ್ತಿ, ಆ ಒತ್ತಡವು ಗಾಲಿಗಳನ್ನು ಹೊರಳಿಸುತ್ತಿದ್ದಿತು. ಅಮೆರಿಕದ ಕ್ರೈಸ್ಲರ್ ಕಂಪೆನಿಯವರು 1951ರಲ್ಲಿ ಇದನ್ನು ತಮ್ಮ ಇಂಪೀರಿಯಲ್ ಗಾಡಿಯಲ್ಲಿ ಮಾರಾಟಕ್ಕೆ ತಂದರು. ಜಪಾನಿನ ಸುಜುಕಿಯವರು 1988ರಲ್ಲಿ ಸರ್ವೋ ಎಂಬ ಪುಟ್ಟ ಗಾಡಿಗೆ ಎಣ್ಣೆಯ ಬದಲು ವಿದ್ಯುತ್ ಮೋಟಾರನ್ನು ಅಳವಡಿಸಿದರು. ಎಣ್ಣೆಯ ಪಂಪು ಅಗತ್ಯವಿರಲಿ ಇಲ್ಲದಿರಲಿ ಸದಾ ತಿರುಗುತ್ತಿರಬೇಕು. ವಿದ್ಯುತ್ ಮೋಟಾರು ಚಕ್ರವನ್ನು ತಿರುಗಿಸಿದಾಗ ಮಾತ್ರ ದುಡಿಯುತ್ತದೆ. ಇಂಧನ ಉಳಿಯಿತು, ಭಾರ ತಗ್ಗಿತು. ಹೊಸ ಪದ್ಧತಿಯು ಲೋಕವನ್ನೆಲ್ಲ ವ್ಯಾಪಿಸಿತು. 2011ರಲ್ಲಿ ಪೋರ್ಷೆಯವರೇ ತಮ್ಮ ಹೆಸರುವಾಸಿಯಾದ 911 ಗಾಡಿಗೆ ಅದನ್ನು ಜೋಡಿಸಿದಾಗ ಆ ಗಾಡಿಯ ಅಭಿಮಾನಿಗಳು ರಸ್ತೆಯ ಮಾತು ಇನ್ನು ಕೈಗೆ ಕೇಳಿಸದೆಂದು ಹಲುಬಿದರು.

ಈ ಹಲುಬಾಟದಲ್ಲಿ ಸತ್ಯಾಂಶವಿದ್ದಿತು. ವಿದ್ಯುತ್ ಚುಕ್ಕಾಣಿಯ ಕಂಬದಲ್ಲಿ ತಿರುಚಿಕೊಳ್ಳಬಲ್ಲ ಸಣ್ಣ ಉಕ್ಕಿನ ಕಡ್ಡಿಯೊಂದಿರುತ್ತದೆ. ಚಾಲಕನು ಚಕ್ರವನ್ನು ಎಷ್ಟು ಬಲವಾಗಿ ತಿರುಗಿಸುವನೋ ಕಡ್ಡಿಯು ಅಷ್ಟು ತಿರುಚುತ್ತದೆ; ಆ ತಿರುಚನ್ನು ಒಂದು ಮಾಪಕವು ಅಳೆಯುತ್ತದೆ. ಗಣಕಪೆಟ್ಟಿಗೆಯು ಗಾಡಿಯ ವೇಗವನ್ನೂ ಜೊತೆಗೆ ಸೇರಿಸಿ, ತನ್ನೊಳಗಿನ ಕೋಷ್ಟಕವನ್ನು ಸೆಕೆಂಡಿಗೆ ನೂರಾರು ಸಲ ನೋಡಿ, ಮೋಟಾರಿಗೆ ಇಷ್ಟೇ ಬಲ ಕೊಡೆಂದು ಆಜ್ಞಾಪಿಸುತ್ತದೆ. ಗಾಡಿ ನಿಂತಿರುವಾಗ ಹೆಚ್ಚು ನೆರವು, ಹೆದ್ದಾರಿಯಲ್ಲಿ ಓಡುವಾಗ ಕಡಿಮೆ. ಇದರ ಮೇಲೆ ಇನ್ನೂ ಕೆಲವು ಲೆಕ್ಕಗಳುಂಟು: ಹಲ್ಲುಗಳ ಘರ್ಷಣೆಯನ್ನು ಮರೆಮಾಡುವುದೊಂದು, ಚಕ್ರದ ನಡುಕವನ್ನು ಅಡಗಿಸುವುದೊಂದು, ತಿರುವು ಮುಗಿದಮೇಲೆ ಚಕ್ರವನ್ನು ನಡುವಿಗೆ ತಳ್ಳುವುದು ಮತ್ತೊಂದು. ನಾವು ಚುಕ್ಕಾಣಿಯ ಹದವೆಂದು ಯಾವುದನ್ನು ಕರೆಯುತ್ತೇವೆಯೋ ಅದು ಬಹುಮಟ್ಟಿಗೆ ಈ ಅಂಕಿಗಳ ಮೊತ್ತ. ಅಂಕಿಯನ್ನು ತಿದ್ದಿದರೆ ಹದವು ತಿದ್ದಲ್ಪಡುತ್ತದೆ. ಸುತ್ತಿಗೆ ಬೇಡ, ತಿರುಪುಳಿ ಬೇಡ, ಒಡೆಯನ ಎದುರಿಗೆ ನಿಲ್ಲಬೇಕಾದ ಅಗತ್ಯವೂ ಇಲ್ಲ.

ಹದವೆಂದರೆ ಕೇವಲ ಸುಖದ ಮಾತೆಂದು ಯಾರೂ ತಿಳಿಯಬಾರದು. ಎತ್ತಿನ ಗಾಡಿಯನ್ನು ಹೊಡೆದವರಿಗೆ ಹಗ್ಗದ ಮಾತು ಗೊತ್ತು. ಎತ್ತು ಬೆದರುವುದಕ್ಕೆ ಮೊದಲೇ ಹಗ್ಗದ ಎಳೆತದಲ್ಲಿ ಅದರ ಮನಸ್ಸು ತಿಳಿಯುತ್ತದೆ. ಮೋಟಾರು ಗಾಡಿಯಲ್ಲಿಯೂ ಹಾಗೆಯೇ. ತಿರುವಿನಲ್ಲಿ ಮುಂದಿನ ಗಾಲಿಗಳು ನೆಟ್ಟಗಾಗಲು ಹವಣಿಸುತ್ತವೆ; ಆ ಎಳೆತವು ಚಕ್ರದ ಮೂಲಕ ಅಂಗೈಗೆ ಬರುತ್ತದೆ. ಒದ್ದೆ ರಸ್ತೆಯಲ್ಲಿ ಗಾಲಿಯ ಹಿಡಿತವು ತಪ್ಪತೊಡಗಿದಾಗ ಎಳೆತವು ಸಡಿಲವಾಗಿ ಚಕ್ರವು ಹಗುರಾಗುತ್ತದೆ. ಅನುಭವಿ ಚಾಲಕನು ಕಣ್ಣಿಗೆ ಅಪಾಯ ಕಾಣುವ ಮೊದಲೇ ಕೈಯಿಂದ ಇದನ್ನರಿತು ವೇಗವನ್ನು ತಗ್ಗಿಸುತ್ತಾನೆ. ಆಗುಂಬೆಯ ಘಾಟಿಯನ್ನು ಆಷಾಢದಲ್ಲಿ ಇಳಿದವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಈ ಜ್ಞಾನವು ಪುಸ್ತಕದಿಂದ ಬಂದುದಲ್ಲ. ಒಂದೇ ಗಾಡಿಯನ್ನು ಸಾವಿರಾರು ಮೈಲಿ ಓಡಿಸಿದ್ದರಿಂದ ಕೈಗೆ ಬಂದುದು. ಹದವನ್ನು ಕೇಳದೆ ಬದಲಾಯಿಸಿದವರು ಆ ಸಂಪಾದನೆಯಲ್ಲಿ ಒಂದು ಪಾಲನ್ನು ಅಳಿಸಿಹಾಕುತ್ತಾರೆ.

ಹಾಗೆಂದು ಸಾಫ್ಟ್‌ವೇರಿನ ತಿದ್ದುಪಡಿಯನ್ನೇ ಹಳಿಯುವುದು ಅವಿವೇಕವಾದೀತು. 2022ರಲ್ಲಿ ಟೆಸ್ಲಾ ಕಂಪೆನಿಯ ಸುಮಾರು 40 ಸಾವಿರ ಗಾಡಿಗಳಲ್ಲಿ, ಕೆಟ್ಟ ರಸ್ತೆಯ ಮೇಲೆ ಓಡಿದಾಗ ಅಥವಾ ಗುಂಡಿಗೆ ಬಿದ್ದಾಗ ಚುಕ್ಕಾಣಿಯ ನೆರವು ನಿಂತುಹೋಗಬಹುದೆಂದು ತಿಳಿದುಬಂದಿತು. ಕಂಪೆನಿಯವರು ದೂರದಿಂದಲೇ ಅಳತೆಯನ್ನು ತಿದ್ದಿದರು. 2025ರ ಫೆಬ್ರವರಿಯಲ್ಲಿ ಅದೇ ಕಂಪೆನಿಯ ಸುಮಾರು 3 ಲಕ್ಷ 76 ಸಾವಿರ ಗಾಡಿಗಳ ಸಂಬಂಧವಾಗಿ ಚುಕ್ಕಾಣಿಯದೇ ಮತ್ತೊಂದು ದೋಷವು ಪ್ರಕಟವಾದಾಗಲೂ ಪರಿಹಾರವು ಸಾಫ್ಟ್‌ವೇರಿನ ರೂಪದಲ್ಲಿಯೇ ಬಂದಿತು. ಇದಕ್ಕೆ ಹೋಲಿಸಿ ನೋಡಿರಿ: 2024ರ ಅಕ್ಟೋಬರಿನಲ್ಲಿ ಹೋಂಡಾ ಕಂಪೆನಿಯವರು ಚುಕ್ಕಾಣಿಯ ಹಲ್ಲುಪೆಟ್ಟಿಗೆಯ ದೋಷಕ್ಕಾಗಿ ಅಮೆರಿಕದಲ್ಲಿ ಸುಮಾರು 17 ಲಕ್ಷ ಗಾಡಿಗಳನ್ನು ಹಿಂದಕ್ಕೆ ಕರೆಯಬೇಕಾಯಿತು, ಒಂದೊಂದನ್ನೂ ಕಾರ್ಖಾನೆಗೆ ತಂದು ಸ್ಪ್ರಿಂಗನ್ನು ಬದಲಾಯಿಸಿ ಗ್ರೀಸು ಹಚ್ಚಬೇಕು. ಪ್ರಾಣಾಪಾಯದ ದೋಷವು ಮನೆಯ ಬಾಗಿಲಲ್ಲಿಯೇ ವಾಸಿಯಾಗುವುದಾದರೆ ಅದನ್ನು ಬೇಡವೆನ್ನುವವರಾರು?

ಆದರೆ ಇದೇ ಶಕ್ತಿಯ ಇನ್ನೊಂದು ಮುಖವನ್ನೂ ನೋಡಬೇಕು. 2018ರಲ್ಲಿ ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ ಸಂಸ್ಥೆಯವರು ಟೆಸ್ಲಾ ಮಾಡೆಲ್ 3 ಗಾಡಿಯನ್ನು ಪರೀಕ್ಷಿಸಿ, ಗಂಟೆಗೆ 60 ಮೈಲಿ ವೇಗದಿಂದ ನಿಲ್ಲಲು ಅದಕ್ಕೆ 152 ಅಡಿ ಬೇಕಾಯಿತೆಂದು ಆಕ್ಷೇಪಿಸಿದರು. ಕೆಲವೇ ದಿವಸಗಳಲ್ಲಿ ಕಂಪೆನಿಯವರು ತಂತಿಯಿಲ್ಲದೆ ತಿದ್ದುಪಡಿಯನ್ನು ಕಳುಹಿಸಿದರು. ಅದೇ ಗಾಡಿಯು 133 ಅಡಿಯಲ್ಲಿ ನಿಂತಿತು. ಜನರು ಕೊಂಡಾಡಿದರು; ಕೊಂಡಾಡತಕ್ಕದ್ದೇ. ಆದರೆ ರಾತ್ರಿ ಬೆಳಗಾಗುವುದರೊಳಗೆ 19 ಅಡಿಯನ್ನು ಕಡಿಮೆ ಮಾಡಬಲ್ಲ ಕೈಯು ಹೆಚ್ಚು ಮಾಡಲೂ ಬಲ್ಲುದು. ಬ್ರೇಕಿನ ವ್ಯತ್ಯಾಸವನ್ನು ಅಡಿಗೋಲಿನಿಂದ ಅಳೆಯಬಹುದು. ಚುಕ್ಕಾಣಿಯ ಹದವನ್ನು ಯಾವ ಕೋಲಿನಿಂದ ಅಳೆಯುವುದು?

ಅಳೆಯಲಾರದುದನ್ನು ದೂರುವುದೂ ಕಷ್ಟವೆಂಬುದು ನಮ್ಮ ಕಚೇರಿಯ ಅನುಭವ. ಪತ್ರಿಕೆಯ ಕಟ್ಟುಗಳನ್ನು ಸಾಗಿಸುವ ಗಾಡಿಯು ವಾರ್ಷಿಕ ಪರಿಶೀಲನೆಗೆ ಹೋಗಿ ಬಂದಮೇಲೆ ಚಾಲಕನು, ಚಕ್ರವು ನಡುವಿನಲ್ಲಿ ಸತ್ತಂತಿದೆ, ನೆಟ್ಟಗೆ ಹೋಗಲು ಸಣ್ಣ ಸಣ್ಣ ತಿದ್ದುವಿಕೆ ಬೇಕಾಗುತ್ತದೆ ಎಂದನು. ಕಾರ್ಖಾನೆಯವರು ಗಾಲಿಗಳ ಜೋಡಣೆಯನ್ನು ನೋಡಿ ಎಲ್ಲವೂ ಸರಿಯೆಂದರು. ಮೂರನೆಯ ಸಲ ಕೇಳಿದಾಗ, ಸಾಫ್ಟ್‌ವೇರನ್ನು ಹೊಸದು ಮಾಡಲಾಗಿದೆಯೆಂಬ ಮಾತು ಹೊರಬಿದ್ದಿತು. ಏನು ಬದಲಾಯಿತೆಂದರೆ ಉತ್ತರವಿಲ್ಲ. ಹಿಂದಿನದನ್ನು ಹಾಕಿಕೊಡಿರೆಂದರೆ ಅದಕ್ಕೆ ಅವಕಾಶವಿಲ್ಲ. ಬಿಲ್ಲಿನಲ್ಲಿ ಎಣ್ಣೆಸೋಸಕದ ಬೆಲೆಯನ್ನು ಪೈಸೆಯವರೆಗೆ ಬರೆದಿದ್ದರು; ಚುಕ್ಕಾಣಿಯ ವಿಷಯವಾಗಿ ಒಂದು ಅಕ್ಷರವಿರಲಿಲ್ಲ.

ಕಾನೂನು ಏನು ಹೇಳುತ್ತದೆ? ವಿಶ್ವಸಂಸ್ಥೆಯ ಆಶ್ರಯದಲ್ಲಿ ರಚಿತವಾದ 79ನೆಯ ನಿಯಮವು ಚುಕ್ಕಾಣಿಗೆ ಸಂಬಂಧಪಟ್ಟುದು. ಪ್ರಯಾಣಿಕರ ಕಾರನ್ನು ತಿರುಗಿಸಲು ಚಾಲಕನು ಹಾಕಬೇಕಾದ ಬಲವು 150 ನ್ಯೂಟನ್ನನ್ನೂ, ನೆರವು ಕೆಟ್ಟುಹೋದಾಗ 300 ನ್ಯೂಟನ್ನನ್ನೂ ಮೀರಕೂಡದೆಂದು ಅದು ವಿಧಿಸುತ್ತದೆ. ಇದು ಮೇಲಿನ ಗಡಿ ಮಾತ್ರ. ಆ ಗಡಿಯ ಒಳಗೆ ಚಕ್ರವನ್ನು ಇಂದು ಇಮ್ಮಡಿ ಬಿಗಿಮಾಡಿ ನಾಳೆ ಅರ್ಧಕ್ಕಿಳಿಸಿದರೂ ನಿಯಮಭಂಗವಾಗುವುದಿಲ್ಲ. 2021ರ ಜನವರಿಯಲ್ಲಿ ಜಾರಿಗೆ ಬಂದ 156ನೆಯ ನಿಯಮವು ಸಾಫ್ಟ್‌ವೇರಿನ ತಿದ್ದುಪಡಿಯನ್ನೇ ಕುರಿತದ್ದು. ದೂರದಿಂದ ತಿದ್ದುವ ಮೊದಲು ಅದರ ಉದ್ದೇಶವನ್ನೂ, ಗಾಡಿಯ ಕಾರ್ಯಗಳಲ್ಲಿ ಆಗುವ ಬದಲಾವಣೆಯನ್ನೂ ಬಳಕೆದಾರನಿಗೆ ತಿಳಿಸಬೇಕೆಂದು ಅದು ಹೇಳುತ್ತದೆ. ಒಳ್ಳೆಯ ಮಾತು. ಆದರೆ ಚುಕ್ಕಾಣಿಯು ಒಂದು 'ಕಾರ್ಯ'ವೇ ಹೊರತು ಅದರ ಹದವು ಕಾರ್ಯವಲ್ಲವೆಂದು ವಾದಿಸುವ ಚತುರರಿಗೆ ಬರಗಾಲವಿಲ್ಲ. 'ಸಾಮಾನ್ಯ ಸುಧಾರಣೆಗಳು' ಎಂಬ ಎರಡು ಪದಗಳಲ್ಲಿ ಎಷ್ಟನ್ನಾದರೂ ಅಡಗಿಸಬಹುದು. ನಮ್ಮ ದೇಶದಲ್ಲಿಯೂ ಇದೇ ಮಾದರಿಯ ಮೇಲೆ ಎ.ಐ.ಎಸ್. 190 ಎಂಬ ಮಾನದಂಡವು ರಚಿತವಾಗಿದೆ. ಮಾನದಂಡದ ಕರ್ತೃಗಳು ಹದವೆಂಬುದನ್ನು ಹೆಸರಿಟ್ಟೇ ಬರೆಯಬೇಕೆಂಬುದು ನಮ್ಮ ಒತ್ತಾಯ.

ಇಲ್ಲಿ ಒಂದು ವಿಪರ್ಯಾಸವನ್ನು ವಾಚಕರ ಗಮನಕ್ಕೆ ತರದೆ ಇರಲಾರೆವು. ನಮ್ಮ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ನೋಂದಣಿ ಪತ್ರದಲ್ಲಿರುವ ವಿವರಗಳು ನಿರ್ಮಾಪಕರು ಮೊದಲು ಸೂಚಿಸಿದವುಗಳಿಗಿಂತ ಬೇರೆಯಾಗುವಂತೆ ಒಡೆಯನು ತನ್ನ ಗಾಡಿಯನ್ನು ಮಾರ್ಪಡಿಸಕೂಡದು. ಇದು ನ್ಯಾಯವೇ. ಚುಕ್ಕಾಣಿಯ ಹದವು ನೋಂದಣಿ ಪತ್ರದಲ್ಲಿ ಬರೆದ ವಿವರವಲ್ಲವೆಂಬುದನ್ನೂ ನಾವು ಬಲ್ಲೆವು. ಆದರೂ ದುಡ್ಡು ಕೊಟ್ಟವನಿಗೆ ಇಷ್ಟು ಕಟ್ಟಳೆಯಿರುವಾಗ, ದುಡ್ಡು ಪಡೆದವರು ಮಾರಾಟವಾದ ಸರಕಿನೊಳಗೆ ಕೈಹಾಕಿ ತಿದ್ದುವುದಕ್ಕೆ ಒಂದು ಚೀಟಿಯನ್ನಾದರೂ ಬರೆದುಕೊಡಬೇಡವೆ?

ಗಿರಾಕಿಗಳಿಗೆ ಇದೆಲ್ಲ ತಿಳಿಯುವುದಿಲ್ಲವೆಂದು ಕಂಪೆನಿಗಳ ಪರವಾಗಿ ಹೇಳುವುದುಂಟು. ಗಿರಾಕಿಯ ಬುದ್ಧಿಯನ್ನು ಕುರಿತು ಇಷ್ಟು ಕೀಳಾದ ಅಭಿಪ್ರಾಯವುಳ್ಳವರು ಅವನ ಹಣವನ್ನು ಮಾತ್ರ ಹೇಗೆ ಗೌರವದಿಂದ ಸ್ವೀಕರಿಸುತ್ತಾರೋ ತಿಳಿಯದು. ಹಲವು ಗಾಡಿಗಳಲ್ಲಿ ಹಗುರ, ಸಾಧಾರಣ, ಬಿಗಿ ಎಂಬ ಮೂರು ಹದಗಳನ್ನು ಪರದೆಯ ಮೇಲೆಯೇ ಇಟ್ಟಿದ್ದಾರೆ. ಜನರು ತಮಗೊಪ್ಪುವುದನ್ನು ಆರಿಸಿಕೊಳ್ಳುತ್ತಿದ್ದಾರೆ. ಆರಿಸಿಕೊಳ್ಳಬಲ್ಲವನಿಗೆ ಹಳೆಯದನ್ನು ಉಳಿಸಿಕೊಳ್ಳುವ ನಾಲ್ಕನೆಯ ಗುಂಡಿಯೊಂದನ್ನು ಕೊಟ್ಟರೆ ಆಕಾಶವೇನೂ ಕಳಚಿ ಬೀಳದು. ಪ್ರಾಣರಕ್ಷಣೆಯ ತಿದ್ದುಪಡಿಯನ್ನು ಒಡೆಯನು ನಿರಾಕರಿಸುವಂತಿರಬಾರದು. ರುಚಿಯ ತಿದ್ದುಪಡಿಯನ್ನು ಅವನ ಒಪ್ಪಿಗೆಯಿಲ್ಲದೆ ಹಾಕಬಾರದು. ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಕಳುಹಿಸುವುದಂತೂ ಕೂಡದು. ತಿಳುವಳಿಕೆಯ ಪತ್ರವು ಆಯಾ ಪ್ರಾಂತದ ಭಾಷೆಯಲ್ಲಿರಬೇಕು. ಹೊರದೇಶದ ಗಾಡಿಗಳಿಗೆ ಸಾಫ್ಟ್‌ವೇರು ಬರೆಯುವ ಕೆಲಸದಲ್ಲಿ ಗಣನೀಯ ಪಾಲು ಬೆಂಗಳೂರಿನಲ್ಲಿಯೇ ನಡೆಯುತ್ತಿದೆ. ಮರ್ಸಿಡಿಸ್ ಬೆಂಜ್ ಕಂಪೆನಿಯ ಸಂಶೋಧನಾಲಯವು 1996ರಿಂದ ಅಲ್ಲಿದೆ. ಅಂತಹ ಊರಿನಲ್ಲಿ ನಾಲ್ಕು ಸಾಲು ಕನ್ನಡ ಬರೆಯುವವರು ಸಿಕ್ಕುವುದಿಲ್ಲವೆಂಬ ನೆವವು ನಡೆಯದು.

ಈ ಕೆಲಸವು ಈಗಲೇ ಆಗಬೇಕೆನ್ನಲು ಬಲವಾದ ಕಾರಣವಿದೆ. ಇಂದಿನ ಬಹುಪಾಲು ಗಾಡಿಗಳಲ್ಲಿ ಚಕ್ರಕ್ಕೂ ಗಾಲಿಗೂ ನಡುವೆ ಉಕ್ಕಿನ ಕಂಬವೊಂದಿದೆ. ಸಾಫ್ಟ್‌ವೇರು ಎಷ್ಟೇ ಆಟವಾಡಿದರೂ ರಸ್ತೆಯ ಒಂದಿಷ್ಟು ಸುದ್ದಿಯು ಆ ಉಕ್ಕಿನ ಮೂಲಕ ಕೈಗೆ ಬಂದೇ ಬರುತ್ತದೆ. 2023ರ ಕೊನೆಯಲ್ಲಿ ಗಿರಾಕಿಗಳಿಗೆ ಒಪ್ಪಿಸಲ್ಪಟ್ಟ ಟೆಸ್ಲಾ ಸೈಬರ್‌ಟ್ರಕ್ಕಿನಲ್ಲಿ ಆ ಕಂಬವೇ ಇಲ್ಲ. ಚಕ್ರದಿಂದ ಗಾಲಿಗೆ ಹೋಗುವುದು ವಿದ್ಯುತ್ ಸಂಜ್ಞೆ. ಕೈಗೆ ತಿಳಿಯುವ ಬಿಗಿ, ಸಡಿಲ, ಎಳೆತಗಳೆಲ್ಲ ಮೋಟಾರೊಂದು ಲೆಕ್ಕದಂತೆ ಹುಟ್ಟಿಸಿದವು. ಇಂತಹ ಗಾಡಿಗಳು ನಮ್ಮ ರಸ್ತೆಗಳಲ್ಲಿ ಹೆಚ್ಚುವುದಕ್ಕೆ ಮೊದಲೇ ಎ.ಐ.ಎಸ್. 190ರಲ್ಲಿ ಚುಕ್ಕಾಣಿಯ ಹದಕ್ಕಾಗಿ ಒಂದು ಪ್ರತ್ಯೇಕ ಕಲಮನ್ನು ಸೇರಿಸಬೇಕೆಂದು ಕೇಂದ್ರ ಸರಕಾರದ ರಸ್ತೆ ಸಾರಿಗೆ ಮಂತ್ರಾಲಯದವರನ್ನು ಒತ್ತಾಯಿಸುತ್ತೇವೆ.