ಸೋಯಾ ಡಬ್ಬಿಯ ಮೇಲಿನ ಕೆಂಪು ಹೃದಯ

"ಮುಟ್ಟು ನಿಂತ ಮೇಲೆ ದಿನಾ ಸೋಯಾ ತಗೊಳ್ಳಿ, ಹಾರ್ಟಿಗೆ ಒಳ್ಳೇದು." ಮೈಸೂರಿನ ಬನ್ನಿಮಂಟಪದ ಸುತ್ತಿನ ಬಡಾವಣೆಗಳಲ್ಲಿ ಐವತ್ತು ದಾಟಿದ ಹೆಂಗಸರಿಗೆ ಈ ಮಾತು ವಾಟ್ಸ್‌ಆ್ಯಪ್‌ನಲ್ಲಿ ಬರುತ್ತದೆ, ಬೆಳಗಿನ ವಾಕಿಂಗ್‌ನಲ್ಲಿ ಸಿಗುತ್ತದೆ, ಪುಡಿ ಡಬ್ಬಿಯ ಮೇಲೆ ಕೆಂಪು ಹೃದಯದ ಚಿತ್ರವಾಗಿಯೂ ಕೂತಿರುತ್ತದೆ. ಸೋಯಾ ಒಳ್ಳೆಯ ಆಹಾರ. ತಿನ್ನುವವರು ಧಾರಾಳವಾಗಿ ತಿನ್ನಲಿ. ಆದರೆ ಅದನ್ನು ಹೃದಯದ ರಕ್ಷಾಕವಚವೆಂದು ಮಾರುವುದು ಈ ವಯಸ್ಸಿನ ಹೆಂಗಸರಿಗೆ ಮಾಡುವ ಮೋಸ.

ಈ ಭರವಸೆ ಗಾಳಿಯಲ್ಲಿ ಹುಟ್ಟಿದ್ದಲ್ಲ. ಮುಟ್ಟು ನಿಂತಾಗ ಈಸ್ಟ್ರೋಜೆನ್ ಇಳಿಯುತ್ತದೆ, ಕೆಟ್ಟ ಕೊಲೆಸ್ಟ್ರಾಲ್ ಏರುತ್ತದೆ, ಹೊಟ್ಟೆಯ ಸುತ್ತ ಬೊಜ್ಜು ಸೇರುತ್ತದೆ. ಸೋಯಾದ ಐಸೊಫ್ಲೇವೋನ್‌ಗಳು ಈಸ್ಟ್ರೋಜೆನ್‌ನ ಹೋಲಿಕೆಯವು. ಹಾಗಾಗಿ ಹೋದದ್ದನ್ನು ಇದು ತುಂಬಿಕೊಟ್ಟೀತು ಎಂಬ ಆಸೆ ಸಹಜವೇ. 1995ರಲ್ಲಿ 38 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಕೆಟ್ಟ ಕೊಲೆಸ್ಟ್ರಾಲ್ ಸುಮಾರು ಶೇ 13ರಷ್ಟು ಇಳಿದಂತೆ ಕಂಡಿತು. 1999ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ದಿನಕ್ಕೆ 25 ಗ್ರಾಂ ಸೋಯಾ ಪ್ರೋಟೀನು ಹೃದ್ರೋಗದ ಅಪಾಯ ತಗ್ಗಿಸಬಹುದು ಎಂದು ಪೊಟ್ಟಣದ ಮೇಲೆ ಬರೆಯಲು ಅನುಮತಿ ಕೊಟ್ಟಿತು.

ಆಮೇಲಿನದನ್ನು ಮಾರುವವರು ಹೇಳುವುದಿಲ್ಲ. ನೆದರ್ಲೆಂಡ್ಸ್‌ನಲ್ಲಿ 60ರಿಂದ 75 ವಯಸ್ಸಿನ 202 ಹೆಂಗಸರ ಮೇಲೆ ಒಂದು ವರ್ಷ ನಡೆದು 2004ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕೊಲೆಸ್ಟ್ರಾಲ್ ಸುಧಾರಿಸಲಿಲ್ಲ. 2006ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 22 ಪ್ರಯೋಗಗಳನ್ನು ತೂಗಿ ನೋಡಿದಾಗ ಆ 13 ಸುಮಾರು 3ಕ್ಕೆ ಬಂದು ನಿಂತಿತ್ತು. ಮುಟ್ಟು ನಿಂತ 350 ಹೆಂಗಸರನ್ನು ಎರಡೂವರೆ ವರ್ಷಕ್ಕೂ ಮಿಕ್ಕಿ ಗಮನಿಸಿ 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ ಕತ್ತಿನ ರಕ್ತನಾಳ ದಪ್ಪವಾಗುವುದನ್ನು ಸೋಯಾ ತಡೆಯಿತೆಂದು ಒಟ್ಟಾರೆ ಸಾಬೀತಾಗಲಿಲ್ಲ. ಮುಟ್ಟು ನಿಂತು ಐದು ವರ್ಷ ದಾಟದವರಲ್ಲಿ ಮಾತ್ರ ಒಂದು ಸುಳಿವು ಸಿಕ್ಕಿತು. 2017ರಲ್ಲಿ, ಅನುಮತಿ ಕೊಟ್ಟಿದ್ದ ಆಡಳಿತವೇ ಅದನ್ನು ಹಿಂತೆಗೆದುಕೊಳ್ಳುವ ಪ್ರಸ್ತಾಪ ಮುಂದಿಟ್ಟಿತು.

ಇನ್ನು ಆ 25 ಗ್ರಾಂ ಪ್ರೋಟೀನಿನ ಲೆಕ್ಕ. ಅದಕ್ಕೆ ಸುಮಾರು 50 ಗ್ರಾಂ ಒಣ ಮೀಲ್ ಮೇಕರ್ ಬೇಕು. ಬಿಸಿನೀರಲ್ಲಿ ನೆನೆಸಿ ಹಿಂಡಿದರೆ ದೊಡ್ಡ ಬಟ್ಟಲು ತುಂಬುತ್ತದೆ. ಅಷ್ಟನ್ನು ದಿನವೂ ತಿನ್ನಬೇಕು. ಬೆಣ್ಣೆ, ಕೊಬ್ಬಿನ ಮಾಂಸ ತಿನ್ನುವವರು ಅವನ್ನು ಬಿಟ್ಟು ಆ ಜಾಗದಲ್ಲಿ ಸೋಯಾ ತಿಂದರೆ ಲಾಭ ಉಂಟು. ನಮ್ಮ ಅಡುಗೆಮನೆಯಲ್ಲಿ ಅದು ಯಾವುದನ್ನೂ ಹೊರಗೆ ಹಾಕುವುದಿಲ್ಲ. ಎಣ್ಣೆ ಸುರಿದ ಪಲಾವಿನೊಳಗೆ ಹೆಚ್ಚುವರಿಯಾಗಿ ಬೀಳುತ್ತದೆ. ಹುರುಳಿಕಾಳು, ಹೆಸರುಕಾಳು, ತೊಗರಿ ಇರುವ ಮನೆಗೆ ದುಬಾರಿ ಪುಡಿ ಡಬ್ಬಿ ಯಾಕೆ ಬೇಕು? ಥೈರಾಯ್ಡ್ ಮಾತ್ರೆ ನುಂಗುವವರಂತೂ ಅದರ ಜೊತೆಗೇ ಸೋಯಾ ತಗೊಳ್ಳಬಾರದು, ಮಾತ್ರೆ ಸರಿಯಾಗಿ ಮೈಗೆ ಹತ್ತುವುದಿಲ್ಲ. ಇದನ್ನು ಯಾವ ಡಬ್ಬಿ ದಪ್ಪಕ್ಷರದಲ್ಲಿ ಹೇಳುತ್ತದೆ?

ಹೆಂಗಸಿನ ಹೃದಯದ ಕಥೆ ಮುಟ್ಟು ನಿಂತ ದಿನ ಶುರುವಾಗುವುದಿಲ್ಲ ಎಂಬುದಕ್ಕೆ ಮೈಸೂರಿನಲ್ಲೇ ಪುರಾವೆ ಇದೆ. ಬನ್ನಿಮಂಟಪಕ್ಕೆ ಹತ್ತಿರದ ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯ ಹಳೆಯ ಹೆರಿಗೆ ದಾಖಲೆಗಳಲ್ಲಿ ಹುಟ್ಟಿದ ಕೂಸಿನ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿದ್ದರು. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದ 517 ಗಂಡಸರು, ಹೆಂಗಸರನ್ನು ಹುಡುಕಿ ಪರೀಕ್ಷಿಸಿದ ವರದಿ 1996ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ಎರಡೂವರೆ ಕೆ.ಜಿ. ಮೀರದೆ ಹುಟ್ಟಿದವರಲ್ಲಿ ಶೇ 11 ಮಂದಿಗೆ ಹೃದ್ರೋಗ, 3.1 ಕೆ.ಜಿ. ಅಥವಾ ಹೆಚ್ಚು ತೂಗಿದವರಲ್ಲಿ ಶೇ 3. ತೂಕ ಕಮ್ಮಿ ಇದ್ದ ತಾಯಂದಿರ ಮಕ್ಕಳಿಗೆ ಅಪಾಯ ಇನ್ನೂ ಜಾಸ್ತಿ. ಎಲ್ಲರಿಗೂ ಬಡಿಸಿ ಕೊನೆಗೆ ಉಳಿದದ್ದನ್ನು ಉಂಡ ಬಸುರಿಯ ಹಸಿವು ಮಗಳ ರಕ್ತನಾಳದಲ್ಲಿ ಉಳಿದುಬಿಡುತ್ತದೆ. ಐವತ್ತು ವರ್ಷ ಕಳೆದ ಮೇಲೆ ಎರಡು ಚಮಚ ಪುಡಿ ಅದನ್ನು ತೊಳೆಯಲಾರದು.

2025ರ ಜೂನ್–ಜುಲೈನಲ್ಲಿ ಹಾಸನದಲ್ಲಿ ಹೃದಯಾಘಾತದಿಂದಾದ ಹಠಾತ್ ಸಾವುಗಳ ಸುದ್ದಿ ಕೇಳಿ ಜನ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಬೆಳಗಿನ ಜಾವವೇ ಸಾಲು ಹಿಡಿದರು. ಚರ್ಚೆಯೆಲ್ಲ ಯುವಕರ ಸುತ್ತ, ಕೋವಿಡ್ ಲಸಿಕೆಯ ಸುತ್ತ ಸುತ್ತಿತು. ಅಡುಗೆಮನೆಯಲ್ಲಿ ಏದುಸಿರು ಬಿಡುತ್ತಿದ್ದ ಅಮ್ಮನ ಬಿ.ಪಿ. ಎಷ್ಟೆಂದು ಎಷ್ಟು ಮನೆಗಳಲ್ಲಿ ಕೇಳಿದರು?

ಮುಟ್ಟಿನ ಏರುಪೇರೆಂದು ಸ್ತ್ರೀರೋಗ ವಿಭಾಗಕ್ಕೆ ಬರುವ ಪ್ರತಿ ಹೆಂಗಸಿಗೂ ಅದೇ ದಿನ ಬಿ.ಪಿ., ಶುಗರ್, ಕೊಲೆಸ್ಟ್ರಾಲ್ ಪರೀಕ್ಷೆ ಆಗಬೇಕು; ವೈದ್ಯಕೀಯ ಕಾಲೇಜೇ ಇರುವ ಬನ್ನಿಮಂಟಪದಲ್ಲಿ ಇದೇನು ಆಗದ ಕೆಲಸವಲ್ಲ. ಪುರಾವೆಯ ಬಲವಿಲ್ಲದ ಹೃದಯದ ಚಿತ್ರಗಳನ್ನು ಡಬ್ಬಿಗಳಿಂದ ತೆಗೆಸಬೇಕು. ಮನೆಯವರೂ ಒಂದು ಅಭ್ಯಾಸ ಬಿಡಬೇಕು: ಹೆಂಗಸರಲ್ಲಿ ಹೃದಯಾಘಾತ ಎದೆನೋವಾಗಿಯೇ ಬರಬೇಕೆಂದಿಲ್ಲ, ವಿಪರೀತ ಸುಸ್ತು, ವಾಕರಿಕೆ, ದವಡೆನೋವು, ಬೆನ್ನುನೋವಾಗಿಯೂ ಬರುತ್ತದೆ. ಅದನ್ನು ಗ್ಯಾಸ್ ಎಂದು ಸೋಡಾ ಕುಡಿಸಿ ಮಲಗಿಸಬೇಡಿ, ಕೂಡಲೇ ಕರೆದೊಯ್ದು ಇಸಿಜಿ ಮಾಡಿಸಿ.