ಆರಿದ ಕುಲುಮೆಯಲ್ಲಿ ಕಲೆ

ಜಪಾನಿನ ಸೆತೊ ಒಳಗಡಲಿನ ಪುಟ್ಟ ದ್ವೀಪ ಇನುಜಿಮಾ. 1909ರಲ್ಲಿ ಅಲ್ಲಿ ತಲೆಯೆತ್ತಿದ ತಾಮ್ರ ಶುದ್ಧಿಯ ಕಾರ್ಖಾನೆ, ತಾಮ್ರದ ಬೆಲೆ ಕುಸಿಯಲು, ಹತ್ತೇ ವರ್ಷಗಳಲ್ಲಿ ಮುಚ್ಚಿತು. ಆ ಪಾಳುಗೋಡೆಗಳನ್ನು ಕೆಡವದೆ, 2008ರಲ್ಲಿ ಅವುಗಳ ನಡುವೆಯೇ ಸಮಕಾಲೀನ ಕಲೆಯ ಸಂಗ್ರಹಾಲಯವನ್ನು ತೆರೆದರು. ಹಳೆಯ ಹೊಗೆಕೊಳವೆಯೇ ಇಂದು ಕಟ್ಟಡಕ್ಕೆ ಗಾಳಿಯಾಡಿಸುತ್ತದೆ. ತಾಮ್ರದ ಕಿಟ್ಟದಿಂದ ಎರಕಹೊಯ್ದ ಇಟ್ಟಿಗೆಗಳು ಗೋಡೆಗಳಲ್ಲಿವೆ. ಒಳಗೆ, ಕಾದಂಬರಿಕಾರ ಯುಕಿಯೊ ಮಿಶಿಮಾ ವಾಸವಾಗಿದ್ದ ಮನೆಯೊಂದರ ಬಾಗಿಲು ಮೊದಲಾದ ಬಿಡಿಭಾಗಗಳನ್ನು ಕಲಾವಿದ ಯುಕಿನೊರಿ ಯನಾಗಿ ತೂಗುಬಿಟ್ಟಿದ್ದಾರೆ. ಆಧುನಿಕ ಜಪಾನನ್ನು ಜರೆದ ಲೇಖಕನಿಗೆ ಆ ಆಧುನಿಕತೆಯೇ ಉರಿಸಿ ಬಿಟ್ಟುಹೋದ ಕುಲುಮೆಯಲ್ಲಿ ನೆಲೆ!

ಚಿತ್ರದುರ್ಗದವರು ಇದನ್ನು ಮನಸ್ಸಿಗೆ ತಂದುಕೊಳ್ಳಲು ಕಾರಣವುಂಟು. ನಮ್ಮ ಇಂಗಳದಾಳಿನ ತಾಮ್ರದ ಗಣಿಯೂ ನಿಂತು ವರ್ಷಗಳಾದುವು. ಮದಕರಿಯ ಕೋಟೆಯ ಒಂದೊಂದು ಕಲ್ಲನ್ನೂ ಚರಿತ್ರೆಯೆಂದು ಕೊಂಡಾಡುವ ನಾವು, ನೆರೆಯ ಗಣಿಯನ್ನಾಗಲಿ ಅಲ್ಲಿ ದುಡಿದವರನ್ನಾಗಲಿ ಚರಿತ್ರೆಯ ಲೆಕ್ಕಕ್ಕೆ ಹಿಡಿದಿಲ್ಲ. ಇತ್ತ ಹೊಸ ಕಲೆಯ ದೊಡ್ಡ ಮನೆಗಳು ಬೆಂಗಳೂರಿನಲ್ಲೇ: 2009ರಲ್ಲಿ ಮಾಣಿಕ್ಯವೇಲು ಭವನದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ, 2023ರಲ್ಲಿ ಕಸ್ತೂರಬಾ ರಸ್ತೆಯ ಕಲೆ ಮತ್ತು ಛಾಯಾಚಿತ್ರ ಸಂಗ್ರಹಾಲಯ. ಹೊಸದುರ್ಗದ ವಿದ್ಯಾರ್ಥಿಗೆ ಇಡೀ ದಿನವೂ ಬಸ್ಸಿನ ಹಣವೂ ಬೇಕು.

ಇನುಜಿಮಾದ ಬೆನ್ನಿಗೆ ಸಿರಿವಂತ ಪೋಷಕರಿದ್ದರು, ನಿಜ. ಸುರಂಗಕ್ಕೆ ಜನರನ್ನು ಇಳಿಸಿರೆಂದೂ ನಾನು ಹೇಳುತ್ತಿಲ್ಲ. ನೆಲದ ಮೇಲೆ ಉಳಿದಿರುವುದೇನಿದ್ದರೂ, ಅದನ್ನು ಗುಜರಿಗೆ ತೂಗುವ ಮುನ್ನ, ಒಬ್ಬ ಚಿತ್ರಕಾರನನ್ನೂ ಒಬ್ಬ ಹಳೆಯ ಗಣಿಕಾರ್ಮಿಕನನ್ನೂ ಜೊತೆಯಾಗಿ ಕರೆದೊಯ್ದು ತೋರಿಸಬಹುದಲ್ಲವೆ?