ಅತ್ತೆಯೂ ಜೊತೆಗೆ ನಡೆಯಲಿ

ಸಹೋದರಿ, ರಜೆಯಲ್ಲಿ ಮನೆಮಂದಿಯೆಲ್ಲ ಬೆಟ್ಟದೂರಿಗೆ ಹೋದಾಗ ಮೊಣಕಾಲು ನೋವಿನ ಅತ್ತೆ ಎಲ್ಲಿರುತ್ತಾರೆ? ಹೆಚ್ಚಾಗಿ ವ್ಯಾನಿನಲ್ಲಿ, ಎಲ್ಲರ ಚೀಲ ಕಾಯುತ್ತಾ. "ನೀವು ಹೋಗಿ ಬನ್ನಿ, ನಾನಿಲ್ಲೇ ಇರುತ್ತೇನೆ" ಎಂಬ ಅವರ ಮಾತನ್ನು ನಾವು ಬಹು ಬೇಗ ನಂಬಿಬಿಡುತ್ತೇವೆ.

ತಮಿಳುನಾಡಿನ ಕೊಡೈಕನಾಲ್‌ಗೆ ಹೋದರೆ ಹಾಗಾಗಬೇಕಿಲ್ಲ. 2,000 ಮೀಟರ್‌ಗಿಂತಲೂ ಎತ್ತರದಲ್ಲಿರುವ ಅಲ್ಲಿನ ಕೆರೆಯನ್ನು 1863ರಲ್ಲಿ ಮದುರೆಯ ಕಲೆಕ್ಟರ್ ಆಗಿದ್ದ ಲೆವಿಂಜ್ ಕಟ್ಟಿಸಿದರು. ನಕ್ಷತ್ರದಂತೆ ಚಾಚಿಕೊಂಡ ಆ ಕೆರೆಯ ಸುತ್ತ ಸುಮಾರು 5 ಕಿಲೋಮೀಟರ್ ಡಾಂಬರು ರಸ್ತೆಯಿದೆ. ದಡದ ಗುಂಟ ಸಾಗುವುದರಿಂದ ಬೆಟ್ಟ ಹತ್ತುವ ಕಷ್ಟವಿಲ್ಲ. ಗಾಲಿಕುರ್ಚಿಯನ್ನೂ ಮಗುವಿನ ಗಾಡಿಯನ್ನೂ ತಳ್ಳಿಕೊಂಡು ಹೋಗಬಹುದು.

ಬೆಳಗ್ಗೆ ಬೇಗ ಹೊರಡಿ. ಹೊತ್ತೇರಿದಂತೆ ಅದೇ ರಸ್ತೆಯಲ್ಲಿ ವಾಹನ, ಸೈಕಲ್, ಕುದುರೆಗಳ ಗದ್ದಲ. ಸ್ವೆಟರ್ ಮರೆಯಬೇಡಿ. 2024ರ ಮೇ ತಿಂಗಳಲ್ಲಿ ಪ್ರವಾಸಿಗರ ವಾಹನಗಳಿಗೆ ಇ-ಪಾಸ್ ಜಾರಿಗೆ ಬಂತು. ಹೊರಡುವ ಮುನ್ನ ವಿಚಾರಿಸಿಕೊಳ್ಳಿ.

ಪೂರ್ತಿ ಸುತ್ತಲೇಬೇಕೆಂಬ ಹಟ ಬೇಡ. ಅತ್ತೆ ಅರ್ಧ ಕಿಲೋಮೀಟರ್ ನಡೆದರೂ ಸಂತೋಷವೇ. ದಣಿವಾದರೆ ಅಲ್ಲಿಂದಲೇ ಮರಳಿ. ಮಕ್ಕಳು ಮುಂದೆ ಓಡಲಿ, ನೀವು ಅವರ ಹೆಜ್ಜೆಗೆ ಹೆಜ್ಜೆ ಹಾಕಿ.

ಮುಂದಿನ ಸಲ ಪ್ರವಾಸದ ಮಾತು ಬಂದಾಗ, ಅಲ್ಲಿ ಅತ್ತೆಗೆ ನಡೆಯಲಾದೀತೇ ಎಂದು ಮೊದಲು ಕೇಳಿ. ಊರನ್ನು ಆಮೇಲೆ ಆರಿಸಿ.